ಗಾಳಿ ನುಂಗಿದ ಪಂಪು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟದ ದಾರಿಗಳು ವಾಹನದ ಸ್ಟೀರಿಂಗಿಗೆ ಒಡ್ಡುವ ಪರೀಕ್ಷೆ ಹೆದ್ದಾರಿಯದಕ್ಕಿಂತ ಬೇರೆಯೇ ಬಗೆಯದು. ಕಡಹಿನಬೈಲಿನ ಕಡೆಯ ತೋಟದಿಂದ ಹಸಿ ಅಡಿಕೆಯನ್ನೋ ರಬ್ಬರ್ ಶೀಟನ್ನೋ ಹೇರಿಕೊಂಡು ಹೊರಡುವ ಪಿಕಪ್ಪು ಡಾಂಬರು ರಸ್ತೆ ಮುಟ್ಟುವ ಮೊದಲು ಧರೆಯ ಅಂಚಿನ ಕಿರುದಾರಿಯಲ್ಲಿ ತೆವಳಬೇಕು, ಮನೆಯಂಗಳದಲ್ಲಿ ಹಿಂದೆ ಮುಂದೆ ಮಾಡಿ ತಿರುಗಿಸಿಕೊಳ್ಳಬೇಕು, ಮಳೆಗಾಲವಾದರೆ ಕೆಸರಿನಲ್ಲಿ ಹೂತ ಜಾಡಿನಿಂದ ಮುಂದಿನ ಚಕ್ರಗಳನ್ನು ಹೊರಗೆಳೆದುಕೊಳ್ಳಬೇಕು. ಇವೆಲ್ಲವೂ ನಡಿಗೆಯ ವೇಗದಲ್ಲಿ, ಹೇರು ತುಂಬಿರುವಾಗಲೇ, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಎಳೆಯುತ್ತ ನಡೆಯುವುದರಿಂದ ಪವರ್ ಸ್ಟೀರಿಂಗಿನ ಪಂಪಿಗೆ ಇದಕ್ಕಿಂತ ಕಷ್ಟದ ದುಡಿಮೆ ಇನ್ನೊಂದಿಲ್ಲ. ಇಂಥ ಗಾಡಿಗಳ ಚಾಲಕರು ಗ್ಯಾರೇಜಿಗೆ ತರುವ ದೂರುಗಳಲ್ಲಿ ಎರಡು ಹೆಚ್ಚಾಗಿ ಜೊತೆಯಲ್ಲೇ ಬರುತ್ತವೆ: ಸ್ಟೀರಿಂಗ್ ತಿರುಗಿಸಿದಾಗ ಬಾನೆಟ್ಟಿನೊಳಗಿಂದ ‘ಕುಂಯ್’ ಎಂಬ ಸದ್ದು, ಮತ್ತು ಡಬ್ಬಿಯಲ್ಲಿ ಸ್ಟೀರಿಂಗ್ ಆಯಿಲ್ ತಗ್ಗಿರುವುದು. ಡಬ್ಬಿಗೆ ಎಣ್ಣೆ ಸುರಿದರೆ ಸದ್ದು ಅಡಗುತ್ತದೆ. ಕೆಲವು ವಾರಗಳಲ್ಲಿ ಮರಳಿ ಬರುತ್ತದೆ. ಸುರಿಯುವುದೇ ದುರಸ್ತಿ ಎಂದು ತಿಳಿದವರಿಗೆ ಇದು ಮುಗಿಯದ ಖರ್ಚು. ಎಣ್ಣೆ ಅಲ್ಲಿ ಏನು ಮಾಡುತ್ತದೆಂದು ಬಲ್ಲವರಿಗೆ ಇದೊಂದು ಸ್ಪಷ್ಟ ಸುಳಿವು.

ನಿಂತ ಗಾಡಿಯ ಚಕ್ರವನ್ನು ತಿರುಗಿಸುವುದು ಓಡುವ ಗಾಡಿಯ ಚಕ್ರವನ್ನು ತಿರುಗಿಸುವುದಕ್ಕಿಂತ ಕಷ್ಟವೆಂಬುದು ಎಲ್ಲ ಚಾಲಕರಿಗೂ ಗೊತ್ತು. ಟೈರು ನೆಲಕ್ಕೆ ತಾಗುವುದು ಅಂಗೈಯಗಲದ ಒಂದು ತುಂಡಿನಲ್ಲಿ. ಚಕ್ರ ಉರುಳುತ್ತಿದ್ದರೆ ಆ ತುಂಡು ಕ್ಷಣಕ್ಷಣವೂ ಬದಲಾಗುತ್ತ ಹೊಸ ದಿಕ್ಕಿಗೆ ತಾನಾಗಿ ಹೊಂದಿಕೊಳ್ಳುತ್ತದೆ, ಉರುಳದಿದ್ದರೆ ಅದೇ ರಬ್ಬರು ಅದೇ ನೆಲದ ಮೇಲೆ ಉಜ್ಜಿಕೊಂಡೇ ತಿರುಗಬೇಕು. ಹೆಸರಿನಲ್ಲೇ 1.3 ಟನ್, 1.7 ಟನ್ ಎಂದು ಹೊರೆ ಹೇಳಿಕೊಳ್ಳುವ ಬೊಲೆರೊ ಪಿಕಪ್ಪಿನಂಥ ಗಾಡಿಯಲ್ಲಿ ಈ ಉಜ್ಜಾಟವನ್ನು ತೋಳಿನ ಬಲದಿಂದಲೇ ಗೆಲ್ಲಬೇಕಾದರೆ ಹಳೆಯ ಲಾರಿಗಳಂತೆ ದೊಡ್ಡ ಸ್ಟೀರಿಂಗ್ ಚಕ್ರವನ್ನು ಹಲವಾರು ಸುತ್ತು ಸುತ್ತಬೇಕಾಗುತ್ತಿತ್ತು. ಈ ಕಷ್ಟಕ್ಕೆ ಪರಿಹಾರ ಹುಡುಕಿದ ಫ್ರಾನ್ಸಿಸ್ ಡೇವಿಸ್ ಕೂಡ ಲಾರಿಗಳ ಕಡೆಯಿಂದಲೇ ಬಂದವನು. ಅಮೆರಿಕದ ಪಿಯರ್ಸ್-ಆ್ಯರೋ ಕಂಪನಿಯ ಟ್ರಕ್ ವಿಭಾಗದಲ್ಲಿ ಎಂಜಿನಿಯರಾಗಿದ್ದ ಅವನು ಕೆಲಸ ಬಿಟ್ಟು, ಎಣ್ಣೆಯ ಒತ್ತಡದಿಂದ ನೆರವಾಗುವ ಸ್ಟೀರಿಂಗನ್ನು ರೂಪಿಸಿ, 1926ರಲ್ಲಿ ಅದನ್ನು ಕಾರೊಂದಕ್ಕೆ ಅಳವಡಿಸಿ ತೋರಿಸಿದ. ಆದರೂ ಕಾರು ಕೊಳ್ಳುವವರಿಗೆ ಅದು ಸಿಕ್ಕಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮಾದರಿಯಲ್ಲಿ. ನಡುವೆ ಆರ್ಥಿಕ ಕುಸಿತವೂ ಎರಡನೆಯ ಮಹಾಯುದ್ಧವೂ ಬಂದು ಹೋಗಿದ್ದವು.

ಈ ವ್ಯವಸ್ಥೆಯ ತಳಹದಿ ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಪಾಸ್ಕಲ್ ಹೇಳಿದ ನಿಯಮ: ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಕುಂದದೆ ಎಲ್ಲ ದಿಕ್ಕಿಗೂ ಹರಡುತ್ತದೆ. ಎಂಜಿನ್ನಿನ ಬೆಲ್ಟು ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಡಬ್ಬಿಯಿಂದ ಎಣ್ಣೆ ಎಳೆದು ಗಟ್ಟಿ ಪೈಪಿನ ಮೂಲಕ ಸ್ಟೀರಿಂಗ್ ಬಾಕ್ಸಿಗೆ ತಳ್ಳುತ್ತದೆ. ಅಲ್ಲಿ ಕೆಲಸ ಮುಗಿಸಿದ ಎಣ್ಣೆ ರಬ್ಬರು ಪೈಪಿನಲ್ಲಿ ಡಬ್ಬಿಗೆ ಮರಳುತ್ತದೆ. ಸ್ಟೀರಿಂಗ್ ಕಂಬದ ಕೆಳತುದಿಯಲ್ಲಿ ಟಾರ್ಷನ್ ಬಾರ್ ಎಂಬ ಸಪೂರ ಉಕ್ಕಿನ ಸರಳಿದ್ದು, ಚಾಲಕ ಚಕ್ರ ತಿರುಗಿಸಿದಾಗ ಅದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚಿನ ದಿಕ್ಕನ್ನು ನೋಡಿಕೊಂಡು ಕವಾಟವೊಂದು ಎಣ್ಣೆಯನ್ನು ಪಿಸ್ಟನ್ನಿನ ಎಡಕ್ಕೋ ಬಲಕ್ಕೋ ಬಿಡುತ್ತದೆ. ನೇರ ಹೋಗುವಾಗ ಎಣ್ಣೆ ಕೆಲವೇ ಬಾರ್ ಒತ್ತಡದಲ್ಲಿ ಸುಮ್ಮನೆ ಸುತ್ತುತ್ತಿರುತ್ತದೆ (ಒಂದು ಬಾರ್ ಎಂದರೆ ಸರಿಸುಮಾರು ನಮ್ಮ ಸುತ್ತಣ ಗಾಳಿಯ ಒತ್ತಡ). ನಿಂತಲ್ಲೇ ತಿರುಗಿಸಿದಾಗ ಅದು 80 ಬಾರ್‌ವರೆಗೂ, ಕೆಲವು ಗಾಡಿಗಳಲ್ಲಿ ಅದಕ್ಕೂ ಮೇಲೆ ಏರುತ್ತದೆ. ಪಿಸ್ಟನ್ನಿನ ಮುಖ 20 ಚದರ ಸೆಂಟಿಮೀಟರ್ ಇದೆಯೆಂದುಕೊಂಡರೆ, 80 ಬಾರ್ ಒತ್ತಡ ಅದರ ಮೇಲೆ ಸುಮಾರು 1,600 ಕಿಲೋಗ್ರಾಂ ಭಾರದಷ್ಟು ಬಲ ಹಾಕುತ್ತದೆ. ಚಾಲಕನ ಬೆರಳುಗಳು ಮಾಡುವುದು ಕವಾಟ ತೆರೆಯುವ ಕೆಲಸವನ್ನಷ್ಟೇ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಈ ಎಣ್ಣೆ ಖರ್ಚಾಗುವ ವಸ್ತುವಲ್ಲ. ಡೀಸೆಲ್ ಉರಿದು ಹೋಗುತ್ತದೆ. ಎಂಜಿನ್ ಆಯಿಲ್ ಕೂಡ ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪಸ್ವಲ್ಪ ಸುಡುತ್ತದೆ. ಬ್ರೇಕ್ ಪ್ಯಾಡು ಸವೆದಂತೆಲ್ಲ ಪಿಸ್ಟನ್ನು ಮುಂದೆ ಬಂದು ಆ ಜಾಗವನ್ನು ತುಂಬುವುದರಿಂದ ಬ್ರೇಕ್ ಆಯಿಲ್ಲಿನ ಮಟ್ಟ ಸೋರಿಕೆಯಿಲ್ಲದೆಯೂ ಇಳಿಯುತ್ತದೆ. ಪವರ್ ಸ್ಟೀರಿಂಗಿಗೆ ಇಂಥ ಯಾವ ನೆಪವೂ ಇಲ್ಲ. ಅದು ಮುಚ್ಚಿದ ಸುತ್ತು. ಒಳಗೆ ಹಾಕಿದ ಒಂದು ಲೀಟರಿನಷ್ಟು ಎಣ್ಣೆ ಹತ್ತು ವರ್ಷದ ನಂತರವೂ ಅಷ್ಟೇ ಇರಬೇಕು. ಮಟ್ಟ ತಗ್ಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಒಂದು ಎಚ್ಚರ ಮಾತ್ರ ಬೇಕು: ಎಣ್ಣೆ ಕಾದರೆ ಹಿಗ್ಗುತ್ತದೆ, 60 ಡಿಗ್ರಿಯಷ್ಟು ಬಿಸಿಯೇರಿದರೆ ಲೀಟರಿಗೆ ಸುಮಾರು 40 ಮಿಲಿಲೀಟರಿನಷ್ಟು ಹೆಚ್ಚುತ್ತದೆ. ಹಲವು ಡಬ್ಬಿಗಳಲ್ಲಿ ಬಿಸಿಗೊಂದು ತಣ್ಣಗಿರುವುದಕ್ಕೊಂದು ಗೆರೆಯಿರುವುದು ಇದಕ್ಕಾಗಿ. ಬೆಳಗಿನ ಎಣ್ಣೆಯನ್ನು ಬಿಸಿಯ ಗೆರೆಗೆ ಹೋಲಿಸಿ ಕಡಿಮೆಯಾಯಿತೆಂದು ಸುರಿದರೆ ಮಧ್ಯಾಹ್ನಕ್ಕೆ ಅದು ಮುಚ್ಚಳದಿಂದ ಉಕ್ಕುತ್ತದೆ, ಉಕ್ಕಿದ್ದು ಮತ್ತೆ ಸೋರಿಕೆಯೆಂದು ದಾರಿ ತಪ್ಪಿಸುತ್ತದೆ.

ಸದ್ದಿಗೂ ತಗ್ಗಿದ ಎಣ್ಣೆಗೂ ಇರುವ ನಂಟು ಗಾಳಿಯದು. ಪಿಕಪ್ಪುಗಳಲ್ಲಿ ಸಾಮಾನ್ಯವಾಗಿರುವುದು ವೇನ್ ಪಂಪು, ಅಂದರೆ ಅಲಗುಗಳ ಪಂಪು: ಮೊಟ್ಟೆಯಾಕಾರದ ಒಳಗೋಡೆಯ ಉಂಗುರದೊಳಗೆ ಒಂದು ಗಾಲಿ ತಿರುಗುತ್ತದೆ, ಗಾಲಿಯ ಸೀಳುಗಳಲ್ಲಿ ಕೂತ ಹತ್ತರಷ್ಟು ಉಕ್ಕಿನ ಅಲಗುಗಳು ಹೊರಕ್ಕೆ ಚಿಮ್ಮಿ ಗೋಡೆಯನ್ನು ಸವರುತ್ತ ಹೋಗುತ್ತವೆ, ಎರಡು ಅಲಗುಗಳ ನಡುವಿನ ಕೋಣೆ ಹಿಗ್ಗಿದಾಗ ಎಣ್ಣೆ ಒಳಬರುತ್ತದೆ, ಕುಗ್ಗಿದಾಗ ಒತ್ತಡದೊಂದಿಗೆ ಹೊರಬೀಳುತ್ತದೆ. ಪಂಪು ಎಣ್ಣೆಯನ್ನು ಎಳೆಯುತ್ತದೆ ಎನ್ನುವುದು ರೂಢಿಯ ಮಾತು. ನಿಜವಾಗಿ ಎಣ್ಣೆಯನ್ನು ಒಳಗೆ ದೂಡುವುದು ಡಬ್ಬಿಯ ಮೇಲಿನ ವಾತಾವರಣದ ಒತ್ತಡ, ಅದು ಒಂದೇ ಒಂದು ಬಾರ್. ಹೊರಬಾಯಿಯಲ್ಲಿ 80 ಬಾರ್ ಹುಟ್ಟಿಸುವ ಯಂತ್ರಕ್ಕೆ ಒಳಬಾಯಿಯಲ್ಲಿ ಸಿಗುವ ನೆರವು ಇಷ್ಟು ಬಡವಾದದ್ದರಿಂದ, ಆ ಕಡೆಯ ಸಣ್ಣ ತೊಡಕೂ ದೊಡ್ಡದಾಗುತ್ತದೆ. ಡಬ್ಬಿಯಲ್ಲಿ ಎಣ್ಣೆ ತೀರ ತಳಕ್ಕಿಳಿದಾಗ ಪೈಪಿನ ಬಾಯಲ್ಲಿ ಸುಳಿಯೆದ್ದು ಗಾಳಿ ಒಳನುಗ್ಗುತ್ತದೆ, ಕಡಿದಾದ ಇಳಿಜಾರಿನಲ್ಲಿ ಗಾಡಿ ವಾಲಿದಾಗಲಂತೂ ಬಲು ಬೇಗ. ಡಬ್ಬಿಯಿಂದ ಪಂಪಿಗೆ ಬರುವ ಈ ಒಳಪೈಪಿನ ಕ್ಲಿಪ್ಪು ಸಡಿಲವಾಗಿದ್ದರೂ ಹೀಗೇ ಆಗುತ್ತದೆ. ಅಲ್ಲಿ ಎಣ್ಣೆ ಹೊರಗೆ ತೊಟ್ಟಿಕ್ಕುವ ಮೊದಲೇ ಗಾಳಿ ಒಳಗೆ ಸೇರಿರುತ್ತದೆ. ಮೆಕ್ಯಾನಿಕ್ಕುಗಳು ‘ಏರ್ ಹಿಡಿದಿದೆ’ ಎನ್ನುವುದು ಇದನ್ನೇ.

ಹೀಗೆ ಸೇರಿದ ಗುಳ್ಳೆ ಪಂಪಿನ ಒತ್ತಡದ ಬದಿಗೆ ತಲುಪಿದಾಗ ಕಣ್ಣೆವೆಯಿಕ್ಕುವುದರೊಳಗೆ ಹಲವು ಹತ್ತು ಪಟ್ಟು ಕುಗ್ಗಬೇಕಾಗುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆದ್ದರಿಂದ ಅಲಗುಗಳ ನಡುವಿನ ಕೋಣೆಯಲ್ಲಿ ಒತ್ತಡ ನಯವಾಗಿ ಏರುವ ಬದಲು ಕುಸಿದು ಚಿಮ್ಮುತ್ತದೆ, ಅಲಗುಗಳು ಗೋಡೆ ಬಿಟ್ಟು ಮತ್ತೆ ಬಡಿಯುತ್ತವೆ, ಸ್ಟೀರಿಂಗ್ ಹಿಡಿದ ಕೈಗೆ ತಡೆತಡೆದು ತಿರುಗಿದ ಅನುಭವವಾಗುತ್ತದೆ. ಹಠಾತ್ತನೆ ಕುಗ್ಗಿದ ಗಾಳಿ ಕಾಯುವುದೂ ಉಂಟು. ಡೀಸೆಲ್ ಎಂಜಿನ್ನು ಕಿಡಿಯಿಲ್ಲದೆ ಹೊತ್ತಿಕೊಳ್ಳುವುದು ಈ ಬಿಸಿಯಿಂದಲೇ, ಗುಳ್ಳೆಯ ಸುತ್ತಲಿನ ಎಣ್ಣೆ ಸೀದು ಕಪ್ಪಾಗುವುದೂ ಇದರಿಂದಲೇ. ಇದರ ಜೊತೆ ಇನ್ನೊಂದು ಬಗೆಯ ಗುಳ್ಳೆಯೂ ಇದೆ. ಒಳಪೈಪು ಕಟ್ಟಿಕೊಂಡಿದ್ದರೆ ಅಥವಾ ಎಣ್ಣೆ ತಣ್ಣಗಾಗಿ ಮಂದವಾಗಿದ್ದರೆ ಒಳಬಾಯಿಯ ಒತ್ತಡ ಎಷ್ಟು ಕೆಳಗಿಳಿಯುತ್ತದೆಂದರೆ, ಎಣ್ಣೆಯಲ್ಲಿ ಕರಗಿದ್ದ ಗಾಳಿ ಹೊರಬರುತ್ತದೆ, ಎಣ್ಣೆಯ ಆವಿಯೇ ಗುಳ್ಳೆಯಾಗುತ್ತದೆ. ಖನಿಜ ಎಣ್ಣೆ ತನ್ನ ಗಾತ್ರದ ನೂರಕ್ಕೆ ಒಂಬತ್ತರಷ್ಟು ಗಾಳಿಯನ್ನು ಕಣ್ಣಿಗೆ ಕಾಣದಂತೆ ಕರಗಿಸಿಕೊಂಡಿರುತ್ತದೆ. ಆವಿಯ ಗುಳ್ಳೆ ಒಡೆಯುವಾಗ ಅದರ ಸುತ್ತಲಿನ ದ್ರವ ಬಿಂದುವೊಂದರ ಕಡೆಗೆ ಧಾವಿಸಿ ಲೋಹವನ್ನು ಚುಚ್ಚುತ್ತದೆ. ಕ್ಯಾವಿಟೇಷನ್ ಎಂದು ಕರೆಯುವ ಈ ವಿದ್ಯಮಾನ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಹಡಗುಗಳ ವೇಗದ ಪ್ರೊಪೆಲರುಗಳನ್ನು ಕಾಡಿತ್ತು, ಕುಸಿಯುವ ಗುಳ್ಳೆಯೊಳಗಿನ ಒತ್ತಡದ ಗಣಿತವನ್ನು ಲಾರ್ಡ್ ರೇಲಿ 1917ರಲ್ಲಿ ಬರೆದ. ಜಲವಿದ್ಯುದಾಗಾರಗಳ ಟರ್ಬೈನ್ ಅಲಗುಗಳನ್ನು ತಿನ್ನುವುದೂ ಇದೇ. ಮುಷ್ಟಿಯಗಲದ ಸ್ಟೀರಿಂಗ್ ಪಂಪಿನಲ್ಲಿ ಇದು ಉಂಗುರದ ಒಳಗೋಡೆಯ ಮೇಲೆ ಗುಳಿಗಳನ್ನು ಕೊರೆಯುತ್ತದೆ, ಮತ್ತು ಕೊರೆದದ್ದು ಎಣ್ಣೆ ತುಂಬಿಸಿದ ಮಾತ್ರಕ್ಕೆ ವಾಸಿಯಾಗುವುದಿಲ್ಲ.

ಸದ್ದಿನ ಸ್ವರವೂ ಲೆಕ್ಕಕ್ಕೆ ಸಿಗುವಂಥದು. ಪಂಪು ಸೆಕೆಂಡಿಗೆ 13 ಸುತ್ತು ತಿರುಗುತ್ತಿದ್ದು ಹತ್ತು ಅಲಗುಗಳಿದ್ದರೆ, ಸೆಕೆಂಡಿಗೆ 130 ಬಡಿತಗಳು ಎಣ್ಣೆಗೆ ಬೀಳುತ್ತವೆ, ಅದು ತಗ್ಗು ದನಿಯ ಗುಂಯ್ಗುಡುವಿಕೆ. ಆಕ್ಸಿಲರೇಟರ್ ತುಳಿದು ವೇಗ ಮೂರು ಪಟ್ಟಾದರೆ ದನಿಯೂ 390ಕ್ಕೇರಿ ಕುಂಯ್ಗುಡುತ್ತದೆ. ಇದರಿಂದ ಸುಲಭವಾದ ಒಂದು ಪರೀಕ್ಷೆ ಹುಟ್ಟುತ್ತದೆ: ಗಾಡಿ ನಿಂತಿದ್ದಾಗಲೂ ಎಂಜಿನ್ ವೇಗದೊಂದಿಗೆ ಏರಿಳಿಯುವ ಸದ್ದು ಎಂಜಿನ್ ಕಡೆಯದು, ಸ್ಟೀರಿಂಗ್ ತಿರುಗಿಸಿದಾಗ ಅದು ಜೋರಾದರೆ ಪಂಪಿನದೇ, ರಸ್ತೆಯ ವೇಗದೊಂದಿಗೆ ಏರಿ, ನಿಂತಾಗ ನಿಲ್ಲುವುದು ಚಕ್ರದ ಬೇರಿಂಗಿನದು. ಕೊನೆಯವರೆಗೆ ತಿರುಗಿಸಿದ ಗಳಿಗೆಯಲ್ಲಿ ಕಿರ್ ಎಂದು ಕಿರುಚುವುದು ಜಾರುವ ಬೆಲ್ಟು, ಮಳೆಗಾಲದ ಬೆಳಗಿನ ತೇವದಲ್ಲಿ ಅದು ಹೆಚ್ಚು. ಪುಷ್ಯ ಮಾಸದ ಚಳಿಯಲ್ಲಿ ಗಾಡಿ ಹೊರಟ ಮೊದಲ ಕೆಲವು ನಿಮಿಷ ಮಾತ್ರ ಗೊಣಗಿ ಆಮೇಲೆ ಸುಮ್ಮನಾಗುವ ಪಂಪಿನಲ್ಲಿ ಎಣ್ಣೆ ಮಂದವಾಗಿರುವುದಷ್ಟೇ ಕಾರಣವಿರಬಹುದು. ಆದರೆ ಹಿಂದಿನ ವರ್ಷ ಗೊಣಗದ್ದು ಈ ವರ್ಷ ಗೊಣಗಿದರೆ ಮುಚ್ಚಳ ತೆರೆದು ನೋಡುವುದು ಒಳ್ಳೆಯದು.

ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಅಲ್ಲೇ ಅದುಮಿ ಹಿಡಿಯುವ ಅಭ್ಯಾಸ ಪಂಪಿಗೆ ಮಾಡುವ ಹಾನಿಯನ್ನು ಚಾಲಕರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಿಸ್ಟನ್ನು ಇನ್ನು ಸರಿಯಲಾರದು, ಎಣ್ಣೆಗೆ ಹೋಗಲು ದಾರಿಯಿಲ್ಲ, ಒತ್ತಡ ಗರಿಷ್ಠಕ್ಕೇರಿ ರಿಲೀಫ್ ಕವಾಟ ತೆರೆಯುತ್ತದೆ, ಎಣ್ಣೆ ಪಂಪಿನೊಳಗೇ ಸುತ್ತು ಹೊಡೆಯುತ್ತದೆ. 80 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಆರು ಲೀಟರ್ ಹರಿದರೆ ಅದು 800 ವ್ಯಾಟ್ ಶಕ್ತಿ, ಅಡುಗೆಮನೆಯ ಮಿಕ್ಸಿಯೊಂದು ಬಳಸುವಷ್ಟು. ಹೊರಗೆ ಯಾವ ಕೆಲಸವೂ ನಡೆಯದಿರುವುದರಿಂದ ಅಷ್ಟೂ ಶಾಖವಾಗುತ್ತದೆ. ಒಂದು ಲೀಟರು ಎಣ್ಣೆಯನ್ನು ಈ ಶಾಖ ಸೆಕೆಂಡಿಗೆ ಅರ್ಧ ಡಿಗ್ರಿಯಷ್ಟು ಬಿಸಿ ಮಾಡುತ್ತದೆ, ಒಂದು ನಿಮಿಷ ಹಿಡಿದರೆ 30 ಡಿಗ್ರಿ. ಡಬ್ಬಿಯಲ್ಲಿರುವುದು ಕಡಿಮೆಯಾದಷ್ಟೂ ಇದೇ ಶಾಖವನ್ನು ಹಂಚಿಕೊಳ್ಳುವ ಎಣ್ಣೆಯೂ ಕಡಿಮೆ. ಕಾದ ಎಣ್ಣೆ ತೆಳುವಾಗಿ ಸೀಲುಗಳ ಬಳಿ ಜಾರುತ್ತದೆ, ಸೀಲು ಗಟ್ಟಿಯಾಗುತ್ತದೆ, ಸೋರಿಕೆ ಹೆಚ್ಚುತ್ತದೆ. ಹಿಡಿದ ಸ್ಟೀರಿಂಗನ್ನು ಕೊನೆಯಿಂದ ಎರಡು ಬೆರಳಿನಷ್ಟು ಹಿಂದಕ್ಕೆ ಬಿಟ್ಟರೆ ಕವಾಟದ ಈ ಒದ್ದಾಟ ತಪ್ಪುತ್ತದೆ, ತಿರುವಿನಲ್ಲಿ ಆಗುವ ನಷ್ಟ ಕಣ್ಣಿಗೆ ಕಾಣದಷ್ಟು.

ಸೋರಿಕೆ ಹುಡುಕುವುದಕ್ಕೆ ಮಲೆನಾಡಿನಲ್ಲಿ ಕಾಸು ಖರ್ಚಿಲ್ಲದ ಒಂದು ಉಪಕರಣವಿದೆ. ಪಂಪು, ಪೈಪು, ಸ್ಟೀರಿಂಗ್ ಬಾಕ್ಸುಗಳ ಮೇಲಿನ ಕೆಸರು ಮತ್ತು ಹಳೆ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ರಾತ್ರಿ ಗಾಡಿ ನಿಲ್ಲಿಸುವಾಗ ಅಗಲವಾದ ಅಡಿಕೆ ಹಾಳೆಗಳನ್ನು ಒಳಮೈ ಮೇಲಾಗಿ ಎಂಜಿನ್ನಿನ ಕೆಳಗೆ ಹಾಸಬೇಕು. ಹಾಳೆಯ ಒಳಮೈ ತಿಳಿಬಣ್ಣದ್ದು, ನುಣುಪು; ಮಣ್ಣಿನಂತೆ ಅದು ಹನಿಯನ್ನು ಹೀರಿ ಮುಚ್ಚಿಡುವುದಿಲ್ಲ. ಬೆಳಿಗ್ಗೆ ಅದರ ಮೇಲೆ ಕೆಂಪು ಹನಿ ಇದ್ದರೆ ಸ್ಟೀರಿಂಗ್ ಆಯಿಲ್, ಕಪ್ಪಾದರೆ ಎಂಜಿನ್ನಿನದು, ಹಸಿರೋ ಗುಲಾಬಿಯೋ ನೀರಿನಂತೆ ತೆಳುವಾಗಿದ್ದರೆ ರೇಡಿಯೇಟರಿನ ಕೂಲಂಟು ಎಂದು ಸ್ಥೂಲವಾಗಿ ಹೇಳಬಹುದು. ಸ್ಟೀರಿಂಗ್ ಆಯಿಲ್ ಹಳತಾದರೆ ಕಂದಾಗುವುದರಿಂದ ಬಣ್ಣದ ಜೊತೆ ಹನಿ ಬಿದ್ದ ಜಾಗವನ್ನೂ ನೋಡಬೇಕು. ಹನಿ ಚಿಕ್ಕದೆಂದು ಕಡೆಗಣಿಸುವಂತಿಲ್ಲ: ನಿಮಿಷಕ್ಕೊಂದು ಹನಿ ಬಿದ್ದರೆ ದಿನಕ್ಕೆ 70 ಮಿಲಿಲೀಟರಿನಷ್ಟಾಗುತ್ತದೆ, ಹದಿನೈದು ದಿನಕ್ಕೆ ಇಡೀ ವ್ಯವಸ್ಥೆಯೇ ಖಾಲಿ. ಕೆಲವು ಸೋರಿಕೆಗಳು ಒತ್ತಡವಿದ್ದಾಗ ಮಾತ್ರ ಕಾಣಿಸಿಕೊಳ್ಳುವುದರಿಂದ, ಎಂಜಿನ್ ಓಡುತ್ತಿರುವಾಗ ಒಬ್ಬರು ಸ್ಟೀರಿಂಗ್ ತಿರುಗಿಸುತ್ತಿದ್ದು ಇನ್ನೊಬ್ಬರು ಟಾರ್ಚು ಹಿಡಿದು ನೋಡಬೇಕಾಗುತ್ತದೆ. ಆಗ ಒತ್ತಡದ ಪೈಪಿನ ಮೇಲೆ ಬೆರಳಾಡಿಸಬಾರದು, ಸೂಜಿಯಷ್ಟು ತೆಳುವಾಗಿ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆಲ್ಲೂ ಹನಿಯಿಲ್ಲದೆ ಮಟ್ಟ ಇಳಿಯುತ್ತಿದ್ದರೆ, ರ್‍ಯಾಕ್ ಬಗೆಯ ಸ್ಟೀರಿಂಗುಗಳ ಎರಡು ತುದಿಯಲ್ಲಿರುವ ಮಡಿಕೆಮಡಿಕೆಯ ರಬ್ಬರು ಬೂಟುಗಳನ್ನು ಒತ್ತಿ ನೋಡಬೇಕು. ಒಳಗಿನ ಸೀಲು ಹೋದಾಗ ಎಣ್ಣೆ ಅಲ್ಲಿ ಚೀಲದಲ್ಲಿ ತುಂಬಿದಂತೆ ಸೇರಿಕೊಂಡಿರುತ್ತದೆ. ಸೈಲೆನ್ಸರಿಗೆ ಹೋಗುವ ಕಾದ ಪೈಪಿನ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಗಾಡಿ ಓಡಿಸುವುದನ್ನೇ ನಿಲ್ಲಿಸಬೇಕು, ಅಲ್ಲಿ ಬೆಂಕಿಯ ಭಯವಿದೆ.

ಯಾವ ಎಣ್ಣೆ ಹಾಕಬೇಕೆಂಬ ಪ್ರಶ್ನೆಗೆ ಉತ್ತರ ರಬ್ಬರಿನ ರಸಾಯನದಲ್ಲಿದೆ, ಮತ್ತು ನರಸಿಂಹರಾಜಪುರ ತಾಲ್ಲೂಕಿನಂಥ ರಬ್ಬರ್ ಬೆಳೆಯುವ ಸೀಮೆಯಲ್ಲಿ ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬಹುದು. ಮರದಿಂದ ಇಳಿಸಿದ ಹಾಲಿನಿಂದಾಗುವ ಸಹಜ ರಬ್ಬರು ಇಂಗಾಲ ಮತ್ತು ಜಲಜನಕಗಳ ಉದ್ದ ಸರಪಳಿ. ಖನಿಜ ಎಣ್ಣೆಯೂ ಇಂಗಾಲ ಜಲಜನಕಗಳ ಸರಪಳಿಯೇ, ಚಿಕ್ಕದು ಅಷ್ಟೆ. ಒಂದೇ ಜಾತಿಯವಾದ್ದರಿಂದ ಎಣ್ಣೆಯ ಅಣುಗಳು ರಬ್ಬರಿನೊಳಗೆ ಸಲೀಸಾಗಿ ನುಸುಳಿ ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ತೋಟದ ರಬ್ಬರಿನಿಂದ ಟೈರು ಮಾಡಬಹುದು, ಸ್ಟೀರಿಂಗ್ ಸೀಲು ಮಾಡಲಾಗದು. ಈ ತೊಡಕಿಗೆ ಉತ್ತರವಾಗಿ 1930ರ ದಶಕದಲ್ಲಿ ಜರ್ಮನಿಯಲ್ಲಿ ಬಂದದ್ದು ನೈಟ್ರೈಲ್ ರಬ್ಬರು. ಬ್ಯುಟಾಡೈಈನ್ ಜೊತೆ ಅಕ್ರಿಲೋನೈಟ್ರೈಲ್ ಎಂಬ ರಾಸಾಯನಿಕವನ್ನು ಹೆಣೆದು ಮಾಡುವ ಇದರ ಸರಪಳಿಯಲ್ಲಿ ವಿದ್ಯುದಂಶ ಒಂದು ಕಡೆಗೆ ವಾಲಿದ ಗುಂಪುಗಳಿರುವುದರಿಂದ ಎಣ್ಣೆಯನ್ನು ಇದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬ್ರೇಕ್ ಆಯಿಲ್ಲಿನ ಕಥೆ ತಿರುಗುಮುರುಗು: ಅದು ಹೆಸರಿಗೆ ಮಾತ್ರ ಎಣ್ಣೆ, ವಾಸ್ತವವಾಗಿ ಗ್ಲೈಕಾಲ್ ಜಾತಿಯ ದ್ರವ, ಅದಕ್ಕೆ ಹೊಂದುವ ಸೀಲುಗಳೇ ಬೇರೆ. ಬ್ರೇಕ್ ಆಯಿಲನ್ನು ಸ್ಟೀರಿಂಗಿಗೆ ಹಾಕಿದರೆ ನೈಟ್ರೈಲ್ ಸೀಲು ಉಬ್ಬಿ ಮೆತ್ತಗಾಗುತ್ತದೆ. ಸ್ಟೀರಿಂಗ್ ಆಯಿಲನ್ನು ಬ್ರೇಕಿಗೆ ಹಾಕಿದರೆ ಬ್ರೇಕಿನ ರಬ್ಬರು ಉಬ್ಬಿ, ಹಿಡಿದುಕೊಳ್ಳುವುದೋ ಹಿಡಿಯದೇ ಹೋಗುವುದೋ ಆಗುತ್ತದೆ, ಅದು ಪ್ರಾಣಕ್ಕೇ ಸಂಚಕಾರ. ಹೆಚ್ಚಿನ ಪಿಕಪ್ಪುಗಳು ಕೇಳುವುದು ಎಟಿಎಫ್ ಎಂಬ ಕೆಂಪು ಎಣ್ಣೆಯನ್ನು, ಆದರೂ ಡಬ್ಬಿಯ ಮುಚ್ಚಳದ ಮೇಲೋ ಗಾಡಿಯ ಕೈಪಿಡಿಯಲ್ಲೋ ಬರೆದಿರುವುದೇ ಕೊನೆಯ ಮಾತು. ಅಂಗಡಿಯಲ್ಲಿ ಸಿಕ್ಕ ಎಂಜಿನ್ ಆಯಿಲ್ ಸೀಲನ್ನು ಒಡನೆ ಕೆಡಿಸದಿದ್ದರೂ ಚಳಿಗೆ ದಪ್ಪವಾಗಿ, ಪಂಪಿನ ಒಳಬಾಯಿಯನ್ನು ಇನ್ನಷ್ಟು ಬಡವಾಗಿಸುತ್ತದೆ.

ಎಣ್ಣೆ ಸರಿಯಿದ್ದರೂ ಪಂಪಿನ ನೆರವು ತಪ್ಪುವ ಸಂದರ್ಭವೊಂದಿದೆ. ಶೃಂಗೇರಿ ಕೊಪ್ಪಗಳಿಂದ ಉಡುಪಿಯ ಕಡೆಗೆ ಇಳಿಯುವ ಗಾಡಿಗಳಿಗೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳು ಎದುರಾಗುತ್ತವೆ. ಡೀಸೆಲ್ ಉಳಿಸುವ ನೆಪದಲ್ಲಿ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿದರೆ ಬೆಲ್ಟು ನಿಂತು ಪಂಪೂ ನಿಲ್ಲುತ್ತದೆ. ಸ್ಟೀರಿಂಗಿಗೂ ಚಕ್ರಕ್ಕೂ ಲೋಹದ ಕೊಂಡಿ ಇದ್ದೇ ಇರುವುದರಿಂದ ಗಾಡಿ ತಿರುಗದೇ ಹೋಗುವುದಿಲ್ಲ, ಆದರೆ ಪಂಪಿನ ನೆರವಿಗೆ ಲೆಕ್ಕ ಹಾಕಿ ಮಾಡಿದ ಸ್ಟೀರಿಂಗು ನೆರವಿಲ್ಲದಾಗ ಹಳೆ ಲಾರಿಗಿಂತಲೂ ಬಿರುಸಾಗುತ್ತದೆ, ಬ್ರೇಕಿಗೆ ಸಿಗುವ ವ್ಯಾಕ್ಯೂಮ್ ಸಹಾಯವೂ ಒಂದೆರಡು ತುಳಿತಕ್ಕೆ ಮುಗಿಯುತ್ತದೆ.

ಸೋರುವ ಜಾಗವನ್ನು ಸರಿಪಡಿಸಿ ಎಣ್ಣೆ ತುಂಬಿದ ಮೇಲೆ ಒಳಗಿನ ಗಾಳಿಯನ್ನು ಹೊರಹಾಕಬೇಕು. ಇಲ್ಲಿ ಅವಸರದವರು ಎಂಜಿನ್ ಹಚ್ಚಿ ಸ್ಟೀರಿಂಗನ್ನು ಬೀಸಿ ತಿರುಗಿಸುತ್ತಾರೆ, ಹಾಗೆ ಮಾಡಿದರೆ ಪಂಪು ಗಾಳಿಯನ್ನು ಕಡೆದು ನೊರೆ ಮಾಡುತ್ತದೆ. ದ್ರವದಲ್ಲಿ ಗುಳ್ಳೆ ಏರುವ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತದೆಂದು 1851ರಲ್ಲಿ ಸ್ಟೋಕ್ಸ್ ಕೊಟ್ಟ ಸೂತ್ರದಿಂದ ತಿಳಿಯುತ್ತದೆ. ಒಂದು ಮಿಲಿಮೀಟರಿನ ಗುಳ್ಳೆ ಸ್ಟೀರಿಂಗ್ ಎಣ್ಣೆಯಲ್ಲಿ ಹತ್ತು ಸೆಂಟಿಮೀಟರ್ ಮೇಲೇರಲು ಏಳೆಂಟು ಸೆಕೆಂಡು ಸಾಕು. ಅದರ ಹತ್ತನೇ ಒಂದರಷ್ಟಿರುವ ನೊರೆಯ ಗುಳ್ಳೆಗೆ ನೂರು ಪಟ್ಟು ಹೊತ್ತು, ಅಂದರೆ ಹತ್ತು ನಿಮಿಷಕ್ಕೂ ಮೇಲೆ. ಆದ್ದರಿಂದಲೇ ಅನುಭವಿ ಮೆಕ್ಯಾನಿಕ್ಕು ಗಾಡಿಯ ಮುಂಭಾಗವನ್ನು ಜಾಕಿನಲ್ಲಿ ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಿ, ಎಂಜಿನ್ ಹಚ್ಚದೆ, ಸ್ಟೀರಿಂಗನ್ನು ನಿಧಾನಕ್ಕೆ ಈ ಕೊನೆಯಿಂದ ಆ ಕೊನೆಗೆ ಹದಿನೈದು ಇಪ್ಪತ್ತು ಸಲ ತಿರುಗಿಸುತ್ತಾನೆ. ಪಿಸ್ಟನ್ನು ಸರಿದಂತೆಲ್ಲ ದೊಡ್ಡ ಗುಳ್ಳೆಗಳು ದೊಡ್ಡದಾಗಿಯೇ ಡಬ್ಬಿಗೆ ಬಂದು ಬುಳಕ್ಕೆಂದು ಒಡೆಯುತ್ತವೆ, ಮಟ್ಟ ಇಳಿದಷ್ಟೂ ಎಣ್ಣೆ ಹಾಕುತ್ತ ಹೋಗಬೇಕು. ಗುಳ್ಳೆ ನಿಂತ ಮೇಲೆ ಎಂಜಿನ್ ಹಚ್ಚಿ, ಕೊನೆಗಳಲ್ಲಿ ಅದುಮದೆ ಮತ್ತೆ ಕೆಲವು ಸಲ ತಿರುಗಿಸಿ, ಬಂದ್ ಮಾಡಿ ಕಾಯಬೇಕು. ಆಗಲೂ ಎಣ್ಣೆ ಹಾಲಿನಂತೆ ಕಂಡರೆ ಒಂದು ಲೋಟಕ್ಕೆ ತೆಗೆದು ಇಡಬೇಕು: ಒಂದೆರಡು ಗಂಟೆಯಲ್ಲಿ ತಿಳಿಯಾದರೆ ಅದು ಗಾಳಿ, ಮಾರನೆಯ ದಿನವೂ ಹಾಲಾಗಿಯೇ ಇದ್ದರೆ ಮುಚ್ಚಳದ ಮೂಲಕವೋ ಹರಿದ ಬೂಟಿನ ಮೂಲಕವೋ ಮಳೆನೀರು ಸೇರಿದೆ, ಎಲ್ಲ ಎಣ್ಣೆಯನ್ನೂ ಬಸಿದು ಹೊಸದು ತುಂಬದೆ ಬೇರೆ ದಾರಿಯಿಲ್ಲ.

ಗಾಳಿ ಪೂರ್ತಿ ಹೋಗಿ, ಮಟ್ಟ ಗೆರೆಯಲ್ಲೇ ನಿಂತು, ಬೆಲ್ಟು ಬಿಗಿಯಾಗಿದ್ದೂ ಕುಂಯ್ಗುಡುವುದು ನಿಲ್ಲದಿದ್ದರೆ ಪಂಪಿನ ಉಂಗುರಕ್ಕೆ ಪೆಟ್ಟಾಗಿದೆ ಎಂದು ತಿಳಿಯಬಹುದು. ಆಗ ಹೊಸ ಪಂಪು ಕೂರಿಸುವುದಕ್ಕೆ ಮುಂಚೆ ಮರಳುವ ಪೈಪನ್ನು ಡಬ್ಬಿಯಿಂದ ಬಿಡಿಸಿ ಹಳೆ ಎಣ್ಣೆಯನ್ನು ಬಿಳಿ ಬಟ್ಟೆಯ ಮೂಲಕ ಸೋಸಿ ನೋಡಬೇಕು. ಬಟ್ಟೆಯ ಮೇಲೆ ಬೆಳ್ಳಿಯ ಪುಡಿಯಂಥ ಲೋಹದ ಕಣಗಳು ಉಳಿದರೆ ಪೈಪುಗಳನ್ನೂ ಸ್ಟೀರಿಂಗ್ ಬಾಕ್ಸನ್ನೂ ಹೊಸ ಎಣ್ಣೆಯಿಂದ ತೊಳೆದು, ಡಬ್ಬಿಯ ತಳದ ಜಾಲರಿಯನ್ನು ಶುಚಿ ಮಾಡಿ ಅಥವಾ ಡಬ್ಬಿಯನ್ನೇ ಬದಲಿಸಿ ಮುಂದುವರಿಯಬೇಕು, ಇಲ್ಲವಾದರೆ ಹಳೆ ಪಂಪಿನ ಪುಡಿ ಹೊಸ ಪಂಪಿನ ಅಲಗುಗಳ ನಡುವೆ ಸಿಕ್ಕಿ ಅದೂ ಅದೇ ಸದ್ದು ಹಿಡಿಯುತ್ತದೆ.